ಐದುನೂರಕ್ಕೆ ನಾನೂರ ಎಂಬತ್ತೇಳು

ಹೈಸ್ಕೂಲಿನ ಗುಮಾಸ್ತರು ಮೂವತ್ತೊಂದು ವರ್ಷದಿಂದ ಅಂಕಪಟ್ಟಿ ಬರೆಯುತ್ತಿದ್ದರು. ಬರೆದೂ ಬರೆದೂ ಅವರ ಕಣ್ಣಿಗೆ ಲೋಕದಲ್ಲಿ ಎರಡೇ ಬಗೆಯ ವಸ್ತುಗಳು ಉಳಿದಿದ್ದವು: ಪಾಸಾದವು, ಫೇಲಾದವು. ಕ್ಯಾಂಟೀನಿನ ಟೀಗೆ ನೂರಕ್ಕೆ ನಲವತ್ತು, ಊರ ಬಸ್ಸಿಗೆ ಮೂವತ್ತೆಂಟು, ಹೊಸ ಹೆಡ್‌ಮಾಸ್ತರರಿಗೆ ಗ್ರೇಸ್ ಸೇರಿಸಿ ಮೂವತ್ತೈದು. ಇಪ್ಪತ್ತಾರು ವರ್ಷ ಜೊತೆಗಿದ್ದ ಹೆಂಡತಿಗೆ ಮಾತ್ರ ಅವರು ಎಂದೂ ಅಂಕ ಹಾಕಿದವರಲ್ಲ. ಧೈರ್ಯ ಬರಲಿಲ್ಲ ಎಂದು ಶಾಲೆಯವರು ಹೇಳುತ್ತಿದ್ದರು. ಆಕೆ ಪರೀಕ್ಷಕರ ಸಾಲಿನವಳು, ಅಭ್ಯರ್ಥಿಯಲ್ಲ ಎಂಬುದು ಗುಮಾಸ್ತರ ವಾದ.

ಆ ಹೆಂಡತಿ ಈಗ ಏಳು ವಾರದಿಂದ ತಂಗಿಯ ಮನೆಯಲ್ಲಿದ್ದಳು.

ಜಗಳವಲ್ಲ, ಕೆಮ್ಮು. ಎರಡು ವರ್ಷದಿಂದ ಬಿಡದ ಕೆಮ್ಮು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಔಷಧಿ ಬರೆಯುವ ಮೊದಲು ಮನೆಯ ವಿಚಾರ ಕೇಳಿದರು.

"ಸೊಳ್ಳೆ ಬತ್ತಿ ಹಚ್ತೀರಾ?"

ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಗುಮಾಸ್ತರು ಉತ್ತರ ಕೊಟ್ಟಾಗಿತ್ತು. "ಇಲ್ಲ ಡಾಕ್ಟ್ರೇ."

"ಗೋಡೆಗೆ ತೇವ, ಬೂಷ್ಟು ಏನಾದ್ರೂ?"

"ಛೇ ಛೇ, ನಮ್ಮನೇಲಾ?"

"ಅಡುಗೆಮನೆ ಹೊಗೆ ಹೊರಗೆ ಹೋಗುತ್ತಾ?"

"ನೆಟ್ಟಗೆ ಹೋಗುತ್ತೆ."

"ಮಲಗೋ ಕೋಣೆ ಕಿಟಕಿ ತೆಗೆದಿಡ್ತೀರಾ?"

"ಯಾವಾಗ್ಲೂ."

ಆ ಕಿಟಕಿಗೆ ಅಡ್ಡವಾಗಿ ಬೀರು ನಿಂತು ಒಂಬತ್ತು ವರ್ಷವಾಗಿತ್ತು. ಬೀರುವಿನ ಹಿಂದಿನ ಗೋಡೆಯಲ್ಲಿ ಬೂಷ್ಟು ಒಂದು ದೊಡ್ಡ ದೇಶದ ನಕಾಶೆಯಂತೆ ಹಬ್ಬಿ, ಈಗೀಗ ನೆರೆಯ ದೇಶಗಳನ್ನೂ ಗೆಲ್ಲತೊಡಗಿತ್ತು. ಆದರೆ ಪ್ರಶ್ನೆ ಕೇಳಿದಾಗ ಸರಿಯಾದ ಉತ್ತರ ಕೊಡಬೇಕೇ ಹೊರತು ನಿಜವಾದ ಉತ್ತರವನ್ನಲ್ಲ ಎಂಬುದು ಶಾಲೆಯಲ್ಲಿ ಮೂವತ್ತೊಂದು ವರ್ಷ ಕಳೆದವರಿಗೆ ಹೇಳಿಕೊಡಬೇಕಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಮನೇದೇನೂ ತಪ್ಪಿಲ್ಲ. ಯಾವುದಕ್ಕೂ ಸ್ವಲ್ಪ ದಿನ ಬೇರೆ ಕಡೆ ಇದ್ದು ನೋಡಮ್ಮ."

ಬಸ್ಸಿನಲ್ಲಿ ಎರಡು ತಾಸಿನ ದಾರಿಯ ತಂಗಿಯ ಮನೆಗೆ ಹೋದ ನಾಲ್ಕನೆಯ ದಿನ ಕೆಮ್ಮು ನಿಂತಿತು. ನಿಂತದ್ದು ಸಂತೋಷದ ಸುದ್ದಿ. ಆ ಸಂತೋಷದಲ್ಲಿ ಗುಮಾಸ್ತರು ಅಂದು ಊಟ ಮಾಡಲಿಲ್ಲ.

ಆಮೇಲಿನ ದಿನಗಳಲ್ಲಿ ಅವರು ಸಂಜೆ ಮನೆಗೆ ಬಂದು ಎರಡು ಲೋಟ ಟೀ ಮಾಡುತ್ತಿದ್ದರು. ಒಂದೇ ಲೋಟ ಟೀ ಮಾಡುವ ಅಳತೆ ಅವರಿಗೆ ತಿಳಿದಿರಲಿಲ್ಲ. ಎರಡನ್ನೂ ಮೇಜಿನ ಮೇಲೆ ಎದುರುಬದುರು ಇಟ್ಟು, ಮೊದಲು ತಮ್ಮದನ್ನು ಕುಡಿದು, ಎದ್ದು ಹೋಗಿ ಆಚೆ ಕುರ್ಚಿಯಲ್ಲಿ ಕುಳಿತು ಎರಡನೆಯದನ್ನು ಕುಡಿಯುತ್ತಿದ್ದರು. ಅಡುಗೆಯನ್ನು ಕ್ಯಾಂಟೀನಿಗೆ ಬಿಟ್ಟಿದ್ದರು. ಸೊಳ್ಳೆ ಬತ್ತಿಯನ್ನೂ ಹಚ್ಚುತ್ತಿರಲಿಲ್ಲ. ಕಚ್ಚುವ ಸೊಳ್ಳೆಯಾದರೂ ಮನೆಯಲ್ಲಿ ಇರಲಿ ಎಂಬಂತೆ.

ಹೋಗಿ ನೋಡಿ ಬರಬಹುದಿತ್ತು. ಆದರೆ ಆ ಮನೆಯಲ್ಲಿ ಷಡ್ಡಕನಿದ್ದ. ನಾದಿನಿಯ ಗಂಡನಾದ ಈ ಮನುಷ್ಯ ಬಾಗಿಲಲ್ಲೇ ಬಂದವರ ಚಪ್ಪಲಿ ಬಿಡಿಸಿ, ಮೂಗನ್ನು ಒಂದು ಸುತ್ತು ಆಡಿಸಿ ಒಳಗೆ ಬಿಡುವವನು. ಆತನ ಮನೆಯ ಗಾಳಿಯಲ್ಲಿ ತನ್ನ ಹೆಂಡತಿಯ ಕೆಮ್ಮು ನಿಂತಿದೆ ಎಂಬುದೇ ಗುಮಾಸ್ತರಿಗೆ ದೊಡ್ಡ ಸೋಲು. ಹೋದರೆ ಗೆದ್ದು ಕರೆತರಲು ಹೋಗಬೇಕು ಎಂದು ಅವರು ಹಟ ಹಿಡಿದು ಕುಳಿತಿದ್ದರು.

ಏಳನೆಯ ವಾರದ ಭಾನುವಾರ ಫೋನು ಎತ್ತಿದ್ದು ಷಡ್ಡಕನೇ.

"ಅಣ್ಣಾ, ಗಾಳಿ ಅಳೆಯೋ ಮೆಷಿನ್ನು ತಂದೆ. ನಮ್ಮನೇದು ಎಷ್ಟು ಬಂತು ಗೊತ್ತಾ? ಹದಿನೆಂಟು!"

ಗುಮಾಸ್ತರ ಕಿವಿ ನೆಟ್ಟಗಾಯಿತು. "ಎಷ್ಟಕ್ಕೆ?"

"ಐದುನೂರರ ತನಕ ಇರುತ್ತೆ. ನಮ್ಮದು ಬರೀ ಹದಿನೆಂಟು! ನಿಮ್ಮದೂ ಒಂದ್ಸಲ ನೋಡಿ ಅಣ್ಣಾ."

ಫೋನಿಟ್ಟವರೇ ಗುಮಾಸ್ತರು ಲೆಕ್ಕ ಹಾಕಿದರು. ಐದುನೂರಕ್ಕೆ ಹದಿನೆಂಟು! ಶೇಕಡಾ ನಾಲ್ಕೂ ಆಗಲಿಲ್ಲ! ಇಷ್ಟು ಅಂಕ ತೆಗೆದ ಹುಡುಗರು ಹಿಂದಿನ ಬಾಗಿಲಿನಿಂದ ಮನೆಗೆ ಹೋಗುವುದನ್ನು ಅವರು ಕಂಡಿದ್ದರು. ಫೋನು ಮಾಡಿ ಸಾರುವುದನ್ನು ಇದೇ ಮೊದಲ ಬಾರಿ ಕೇಳಿದ್ದು. ಪಾಪ, ಇಂಥ ಫೇಲಾದ ಗಾಳಿಯನ್ನು ತನ್ನ ಹೆಂಡತಿ ಬಾಯಿ ಮುಚ್ಚಿಕೊಂಡು ಉಸಿರಾಡುತ್ತಿದ್ದಾಳೆ ಎಂದು ಅವರು ಮರುಗಿದರು.

ಮರುದಿನವೇ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ಅಂಥದೇ ಮೆಷಿನ್ನು ತಂದರು. ಸೋಪಿನಷ್ಟು ದಪ್ಪ, ಬಿಳಿ ಬಣ್ಣ, ಮುಖದಲ್ಲಿ ಅಂಕಿ ಬಿಟ್ಟರೆ ಬೇರೇನೂ ಇಲ್ಲ. ಜೊತೆಗಿದ್ದ ಕಾಗದದ ಲಿಪಿ ಇರುವೆ ಸಾಲು ಹೊರಟಂತಿತ್ತು. ಆದರೆ ಡಬ್ಬಿಯ ಮೇಲೆ ಸೊನ್ನೆಯಿಂದ ಐದುನೂರು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಒಟ್ಟು ಅಂಕ ಗೊತ್ತಾದ ಮೇಲೆ ಗುಮಾಸ್ತರಿಗೆ ಬೇರೆ ವಿವರಣೆ ಏಕೆ? ಪಾಸಿಗೆ ನೂರ ಎಪ್ಪತ್ತೈದು, ಫಸ್ಟ್ ಕ್ಲಾಸಿಗೆ ಮುನ್ನೂರು, ಡಿಸ್ಟಿಂಕ್ಷನ್ನಿಗೆ ನಾನೂರ ಇಪ್ಪತ್ತೈದು. ಒಂದು ಚೀಟಿಯಲ್ಲಿ ದುಂಡಗೆ ಬರೆದು ಗೋಡೆಗೆ ಅಂಟಿಸಿ, ಮೆಷಿನ್ನಿನ ಗುಂಡಿ ಒತ್ತಿದರು.

ನಲವತ್ತೊಂದು.

"ಇದಕ್ಕೇ ಕಣೇ ನೀನು ಕೆಮ್ಮಿದ್ದು" ಎಂದು ಖಾಲಿ ಕುರ್ಚಿಗೆ ಹೇಳಿದರು.

ಮೊದಲು ಪೊರಕೆ ಹಿಡಿದರು. ಏಳು ವಾರದ ಧೂಳನ್ನು ಮೂಲೆ ಮೂಲೆಯಿಂದ ಗುಡಿಸಿ, ಜಮಖಾನೆಯನ್ನು ಒಳಗೇ ಬಡಿದು, ಸೀನುತ್ತಾ ಬಂದು ನೋಡಿದರೆ ಮೆಷಿನ್ನು ನೂರ ಮೂವತ್ತು! ಗುಮಾಸ್ತರ ಕಣ್ಣಲ್ಲಿ ನೀರು ಬಂತು. ಅರ್ಧ ಧೂಳಿಗೆ, ಅರ್ಧ ಸಂತೋಷಕ್ಕೆ. ಪಟ್ಟ ಶ್ರಮಕ್ಕೆ ತಕ್ಷಣ ಅಂಕ ಕೊಡುವ ಇಂಥ ನಿಷ್ಠಾವಂತ ಪರೀಕ್ಷಕನನ್ನು ಅವರು ಇಡೀ ಸೇವಾವಧಿಯಲ್ಲಿ ಕಂಡಿರಲಿಲ್ಲ. ಖುಷಿಗೆ ಕಿಟಕಿ ತೆರೆದರು. ಅಂಕ ಸರಸರನೆ ಇಳಿದು ಅರವತ್ತಕ್ಕೆ ಬಂದು ನಿಂತಿತು.

"ಓಹೋ! ಹೊರಗಿನವರ ಸಹವಾಸ!" ಎಂದವರೇ ಕಿಟಕಿಗಳನ್ನು ಧಡಾರನೆ ಮುಚ್ಚಿದರು.

ಮುಚ್ಚಿದರಷ್ಟೇ ಸಾಲದು. ಶಾಲೆಯಲ್ಲಿ ಉತ್ತರ ಪತ್ರಿಕೆಯ ಕಟ್ಟುಗಳಿಗೆ ಹೇಗೆ ಕಾಗದ ಸುತ್ತಿ, ದಾರ ಬಿಗಿದು, ಕೆಂಪು ಅರಗು ಕರಗಿಸಿ ಮೊಹರು ಒತ್ತುತ್ತಾರೋ ಹಾಗೆಯೇ ಮನೆಯ ಐದು ಕಿಟಕಿಗಳಿಗೂ ಕಾಗದದ ಪಟ್ಟಿ ಅಂಟಿಸಿ ಅರಗಿನ ಮೊಹರು ಒತ್ತಿದರು. ಮೊಹರಿನಲ್ಲಿ ಶಾಲೆಯ ಲಾಂಛನ ಚೆನ್ನಾಗಿ ಮೂಡಿತು. ಅರಗಿನ ಹೊಗೆಗೇ ಇಪ್ಪತ್ತು ಅಂಕ ಏರಿತು. ಇದನ್ನು ಅವರು ಶಿಸ್ತಿಗೆ ಸಿಕ್ಕ ಅಂಕವೆಂದು ಬರೆದುಕೊಂಡರು.

ಆ ವಾರ ಗುಮಾಸ್ತರು ಮಾಡಿದ ಕೆಲಸವನ್ನು ಯಾವ ತಾಯಿಯೂ ಮಗುವಿನ ಪರೀಕ್ಷೆಗೆ ಮಾಡಿರಲಾರಳು. ಸೊಳ್ಳೆ ಸತ್ತರೆ ಗಾಳಿ ಶುದ್ಧವಲ್ಲವೇ ಎಂದು ಕೋಣೆಗೊಂದರಂತೆ ಬತ್ತಿ ಹಚ್ಚಿದರು, ಪಾಸಾಯಿತು. ಬಟ್ಟೆಗಳ ನಡುವೆ ನುಸಿಗುಳಿಗೆ ಸುರಿದರು. ನೆಲಕ್ಕೆ ನೀರು ಬೆರೆಸದ ಫಿನಾಯಿಲ್ ಹಾಕಿದರು. ಹೂವಿನ ಚಿತ್ರವಿದ್ದ ಸ್ಪ್ರೇಯನ್ನು ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ಹೊಡೆದರು. ಬೀರು ಸರಿಸಿ, ಬೂಷ್ಟಿನ ಮೇಲೆಯೇ ಎರಡು ಕೈ ಎಣ್ಣೆ ಬಣ್ಣ ಬಳಿದರು, ಹೆಂಡತಿಗೆ ಇಷ್ಟವಾದ ತಿಳಿ ಹಸಿರು. ಮುನ್ನೂರು ದಾಟಿದಾಗ ಮೆಷಿನ್ನು ಇದ್ದಕ್ಕಿದ್ದಂತೆ "ಟೀಂ ಟೀಂ ಟೀಂ" ಎಂದು ಕೂಗಿತು. ಗುಮಾಸ್ತರು ಒಂದು ಕ್ಷಣ ಬೆಚ್ಚಿದರು. ಮರುಕ್ಷಣ ಎರಡೂ ಕೈ ಮುಗಿದು, "ಎಲ್ಲಾ ನಿಮ್ಮ ಆಶೀರ್ವಾದ" ಎಂದರು.

ಫಸ್ಟ್ ಕ್ಲಾಸು ಬಂದ ಮೇಲೆ ಬೀದಿಗೆ ತಿಳಿಯದೇ ಇರುತ್ತದೆಯೇ? ಎದುರು ಮನೆಯ ಟೈಲರಮ್ಮ ಕತ್ತರಿ ಹಿಡಿದೇ ಬಂದಳು.

"ಅಣ್ಣಾ, ನಮ್ಮನೇದೂ ಸ್ವಲ್ಪ ನೋಡಿ."

ಅವಳ ಮನೆಯ ಕಿಟಕಿಗಳೆಲ್ಲ ಹಾರು ಹೊಡೆದಿದ್ದವು. ಮೆಷಿನ್ನು ಇಪ್ಪತ್ತೊಂಬತ್ತು ತೋರಿಸಿತು. ಇಂಥ ಸುದ್ದಿಯನ್ನು ಹೆತ್ತವರಿಗೆ ಹೇಗೆ ಹೇಳಬೇಕೆಂದು ಗುಮಾಸ್ತರಿಗೆ ಅಭ್ಯಾಸವಿತ್ತು. ದನಿ ತಗ್ಗಿಸಿದರು.

"ಮನಸ್ಸಿಗೆ ಹಚ್ಕೋಬೇಡಿ ತಾಯಿ. ಮುಂದಿನ ಸಲ ಆಗುತ್ತೆ."

"ಅಂದ್ರೆ ಫೇಲಾ? ದಿನಾ ಎರಡು ಸಲ ಒರೆಸ್ತೀನಲ್ಲ ಅಣ್ಣಾ!"

"ಒದ್ದೆ ಬಟ್ಟೇಲಿ ಒರೆಸ್ತೀರಿ. ಒಣ ಪೊರಕೇಲಿ ಗುಡಿಸಿ, ಧೂಳು ಏಳಬೇಕು. ಕಿಟಕಿ ಮುಚ್ಚಿ. ಓದಬೇಕಾದ ಮಗೂನ ಯಾರಾದ್ರೂ ಬೀದೀಲಿ ಬಿಡ್ತಾರಾ?"

"ಗ್ರೇಸ್ ಕೊಟ್ಟು ಏನಾದ್ರೂ..."

"ಗ್ರೇಸಿಗೂ ಒಂದು ಲೆಕ್ಕ ಇದೆ ತಾಯಿ. ನೂರ ನಲವತ್ತಾರು ಮಾರ್ಕು ಕೊಟ್ರೆ ನನ್ನ ಕೆಲಸ ಹೋಗುತ್ತೆ."

ಮಹಡಿಯ ಮೇಲಿನ ನಿವೃತ್ತ ಪೋಸ್ಟ್‌ಮಾಸ್ಟರರ ಕಥೆಯೇ ಬೇರೆ. ಅವರು ಬಾಗಿಲು ಮುಚ್ಚಿಕೊಂಡು ದಿನಕ್ಕೆ ಎರಡು ಪ್ಯಾಕು ಸಿಗರೇಟು ಸೇದುವವರು. ಅದಕ್ಕಾಗಿ ಸೊಸೆಯ ಬಾಯಿಂದ ದಿನಕ್ಕೆ ಎರಡು ಸಲ ಮಂಗಳಾರತಿ ಎತ್ತಿಸಿಕೊಳ್ಳುವವರು. ಅವರ ಕೋಣೆಯಲ್ಲಿ ಮೆಷಿನ್ನು ನಾನೂರ ಮೂವತ್ತಕ್ಕೆ ಏರಿ ಟೀಂ ಟೀಂ ಎಂದು ಕುಣಿಯಿತು.

"ಡಿಸ್ಟಿಂಕ್ಷನ್!" ಎಂದರು ಗುಮಾಸ್ತರು, ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದು.

ಪೋಸ್ಟ್‌ಮಾಸ್ಟರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. "ಬರೆದು ಕೊಡಪ್ಪಾ. ಬಾಯಿಮಾತು ಈ ಮನೇಲಿ ನಡೆಯಲ್ಲ."

ಗುಮಾಸ್ತರು ದುಂಡನೆಯ ಅಕ್ಷರದಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಮರುದಿನ ಕಟ್ಟು ಹಾಕಿಸಿಕೊಂಡು ಗೋಡೆಯೇರಿತು. ಸೊಸೆ ಬಾಯಿ ತೆರೆದಾಗಲೆಲ್ಲ ಮಾವ ಮಾತಾಡದೆ ಗೋಡೆಯತ್ತ ಬೆರಳು ತೋರಿಸಿ, ಇನ್ನೊಂದು ಸಿಗರೇಟು ಹಚ್ಚತೊಡಗಿದರು. ಆ ಹೆಣ್ಣುಮಗಳು ಎರಡು ದಿನ ತಡೆದಳು. ಮೂರನೆಯ ದಿನ ಚಪ್ಪಲಿ ಮೆಟ್ಟಿ ಹೆಲ್ತ್ ಇನ್ಸ್‌ಪೆಕ್ಟರ್ ಆಫೀಸಿಗೆ ಹೋದಳು.

ಇತ್ತ ಗುಮಾಸ್ತರು ಹೆಂಡತಿಗೆ ಫೋನು ಮಾಡಿದ್ದರು.

"ಏನೇ, ನಮ್ಮನೆ ಗಾಳಿ ಡಿಸ್ಟಿಂಕ್ಷನ್ನಿಗೆ ಬಂತು!"

"ಹಂಗಂದ್ರೇನ್ರೀ?"

"ಎಷ್ಟು ಅಂತ ಫೋನಲ್ಲಿ ಹೇಳಲ್ಲ. ಬಂದು ಕಣ್ಣಾರೆ ನೋಡು. ನಿನ್ನ ತಂಗಿ ಗಂಡ ಹತ್ತಿರಕ್ಕೂ ಬರಲ್ಲ."

"ಬಚ್ಚಲು ನಲ್ಲಿ ಇನ್ನೂ ತೊಟ್ಟಿಕ್ತಾ ಇದೆಯಾ?"

"ಇದೆ."

"ಎದುರು ಮನೆಯವಳ ಹೊಲಿಗೆ ಮೆಷಿನ್ ಸದ್ದು?"

"ಅದೂ ಇದೆ. ಈಗ ಕಿಟಕಿ ಮುಚ್ಚಿದ್ದೀನಲ್ಲ, ಅಷ್ಟು ಕೇಳಲ್ಲ."

"ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ" ಎಂದಳು. ಆಮೇಲೆ ಮೆಲ್ಲಗೆ, "ಬ್ಯಾಗು ಆಗಲೇ ತುಂಬಿಟ್ಟಿದ್ದೀನಿ. ನೀವು ಯಾವಾಗ ಕರೀತೀರೋ ಅಂತ."

ಗುಮಾಸ್ತರು ಫೋನಿಟ್ಟು ಕೋಣೆಯ ನಡುವೆ ನಿಂತೇ ಇದ್ದರು. ಆಮೇಲೆ ಹೋಗಿ ಮತ್ತೆರಡು ಡಬ್ಬಿ ಸ್ಪ್ರೇ ತಂದರು.

ಶನಿವಾರ ಶಾಲೆ ಅರ್ಧ ದಿನ. ಬಸ್ಸು ಬರಲು ಇನ್ನೊಂದು ಗಂಟೆಯಿತ್ತು. ಗುಮಾಸ್ತರು ಗೋಡೆಗೆ ಮೂರನೆಯ ಕೈ ಬಣ್ಣ ಕೊಟ್ಟು, ಹುಬ್ಬಿಗೂ ಸ್ವಲ್ಪ ಹಚ್ಚಿಕೊಂಡು, ಎಲ್ಲ ಕೋಣೆಯಲ್ಲೂ ಬತ್ತಿ ಹೊತ್ತಿಸಿ ಕುಳಿತಿದ್ದಾಗ ಬಾಗಿಲು ಬಡಿಯಿತು. ಹೆಲ್ತ್ ಇನ್ಸ್‌ಪೆಕ್ಟರ್. ಹಿಂದೆ ಮಹಡಿ ಮನೆಯ ಸೊಸೆ. ಅವಳ ಹಿಂದೆ, ಏನೋ ಇದೆ ಎಂದು ಟೈಲರಮ್ಮ. ಸೊಸೆ ಎಲ್ಲಿದ್ದಾಳೆಂದು ನೋಡಲು ಪೋಸ್ಟ್‌ಮಾಸ್ಟರು.

ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಒಳಗಿಟ್ಟವರೇ ಕರ್ಚೀಫು ಮೂಗಿಗೆ ಒತ್ತಿದರು. ಹೊಗೆಯ ನಡುವೆ ಕಿಟಕಿಗಳತ್ತ ಕಣ್ಣು ಕಿರಿದು ಮಾಡಿದರು.

"ಏನ್ರೀ ಇದು, ಅರಗಿನ ಮೊಹರು! ಮನೆ ಜಪ್ತಿ ಆಗಿದೆಯಾ?"

"ಇಲ್ಲ ಸಾರ್. ಪರೀಕ್ಷೆ ನಡೀತಾ ಇದೆ."

ಮೆಷಿನ್ನು ಬಿಡದೆ ಕೂಗುತ್ತಿತ್ತು. ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ನಾನೂರ ಎಂಬತ್ತೇಳು.

"ಅಯ್ಯಯ್ಯೋ" ಎಂದರು ಇನ್ಸ್‌ಪೆಕ್ಟರ್.

"ಅದೇ ನನಗೂ ಬೇಜಾರು ಸಾರ್" ಎಂದರು ಗುಮಾಸ್ತರು. "ಹದಿಮೂರು ಮಾರ್ಕು ಎಲ್ಲಿ ಹೋಯ್ತು ಅಂತ ತಿಳೀತಿಲ್ಲ. ಮರುಮೌಲ್ಯಮಾಪನ ಏನಾದ್ರೂ ಇದೆಯಾ?"

ಇನ್ಸ್‌ಪೆಕ್ಟರ್ ಅವರ ಮುಖವನ್ನು ನೋಡಿದರು, ಗೋಡೆಯ ಚೀಟಿಯನ್ನು ನೋಡಿದರು, ಮತ್ತೆ ಮುಖ ನೋಡಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಗಾಳಿ ಕೆಡಿಸಿದವರನ್ನು ಬೇಕಾದಷ್ಟು ಕಂಡಿದ್ದರು. ಓದಿಸಿ, ಬರೆಸಿ, ಟ್ಯೂಷನ್ ಕೊಟ್ಟು ಕೆಡಿಸಿದವರನ್ನು ಕಂಡಿರಲಿಲ್ಲ.

"ಸ್ವಾಮೀ, ಇದು ಮಾರ್ಕು ಕೊಡೋ ಮೆಷಿನ್ ಅಲ್ಲ. ಗಾಳೀಲಿ ಕೊಳೆ ಎಷ್ಟಿದೆ ಅಂತ ಹೇಳೋದು. ಜಾಸ್ತಿ ಆದಷ್ಟೂ ಕೆಟ್ಟದ್ದು. ಸೊನ್ನೆ ಹತ್ತಿರ ಇದ್ರೆ ಒಳ್ಳೇದು."

"ಸೊನ್ನೆ... ಒಳ್ಳೇದಾ?"

ಮೂವತ್ತೊಂದು ವರ್ಷ ಕಟ್ಟಿದ ಲೋಕವೊಂದು ಗುಮಾಸ್ತರ ಕಣ್ಣೆದುರು ತಲೆಕೆಳಗಾಯಿತು. ಹದಿನೆಂಟರ ಷಡ್ಡಕ ಮೇಲೆದ್ದು ರ್‍ಯಾಂಕಿನ ಪೀಠದಲ್ಲಿ ಕುಳಿತ.

"ಹಂಗಾದ್ರೆ ನಾನು ಪಾಸಾ?" ಎಂದು ಟೈಲರಮ್ಮ ಕಿರುಚಿದಳು. "ಮಾವಾ, ನಿಮ್ಮದು ಡಿಸ್ಟಿಂಕ್ಷನ್ನು!" ಎಂದು ಸೊಸೆ ಹಲ್ಲು ಕಚ್ಚಿ ನಕ್ಕಳು. ಪೋಸ್ಟ್‌ಮಾಸ್ಟರು ತುಟಿಯ ಸಿಗರೇಟನ್ನು ಅಂಗೈಯೊಳಗೆ ಬಚ್ಚಿಟ್ಟು ಸುಟ್ಟುಕೊಂಡರು.

"ಬತ್ತಿ, ಸ್ಪ್ರೇ, ನುಸಿಗುಳಿಗೆ, ಹಸಿ ಬಣ್ಣ, ಅದರ ಕೆಳಗೆ ಬೂಷ್ಟು" ಎಂದು ಇನ್ಸ್‌ಪೆಕ್ಟರ್ ಒಂದೊಂದಾಗಿ ಮೂಗಿನಲ್ಲೇ ಎಣಿಸಿದರು. "ಯಾವುದೂ ಬಿಟ್ಟಿಲ್ವಲ್ರೀ ನೀವು! ಮೊದಲನೇ ದಿನ ಎಷ್ಟಿತ್ತು?"

"ನಲವತ್ತೊಂದು. ಕೆಮ್ಮು ಅಂತ ತಂಗಿ ಮನೇಲಿದ್ದ ಹೆಂಡತಿ ಈಗಿನ ಬಸ್ಸಿಗೆ ಬರ್ತಿದ್ದಾಳೆ ಸಾರ್."

"ಅಷ್ಟೇ ಇತ್ತಾ? ಬೂಷ್ಟು ಕೆರೆಸಿ, ಕಿಟಕಿ ತೆಗೆದಿಟ್ಟಿದ್ರೆ ಮುಗೀತಿತ್ತು. ಈ ಶನಿವಾರಕ್ಕೆ ಆರಾಮಾಗಿ ಅವರನ್ನ ಕರೆಸಬಹುದಿತ್ತು."

ಗುಮಾಸ್ತರು ಗೋಡೆ ಗಡಿಯಾರ ನೋಡಿದರು. ಬಸ್ಸು ಬರಲು ಇನ್ನು ಹದಿನೈದು ನಿಮಿಷ.

ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ಯುದ್ಧವೆನ್ನಬೇಕು. ಗುಮಾಸ್ತರು ಚಾಕುವಿನಿಂದ ಮೊಹರು ಕಿತ್ತರು. ಇನ್ಸ್‌ಪೆಕ್ಟರ್ ಸರ್ಕಾರಿ ಬೂಟಿನಿಂದ ಬತ್ತಿ ತುಳಿದು ಆರಿಸಿದರು. ಟೈಲರಮ್ಮ ಯಾರದೋ ಅರ್ಧ ಹೊಲಿದ ಕೋಟಿನಿಂದ ಹೊಗೆಯನ್ನು ಹೊರಗೆ ಬೀಸಿದಳು. ಪೋಸ್ಟ್‌ಮಾಸ್ಟರು ಮಹಡಿಗೆ ಓಡಿಹೋಗಿ ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿ ತಂದು, ಅದರ ಕಟ್ಟು ಹಿಡಿದು ಎರಡು ಕೈಯಲ್ಲಿ ಬೀಸಿದರು. ಮೆಷಿನ್ನಿನ ಅಂಕಿ ಒಂದೊಂದೇ ಇಳಿಯತೊಡಗಿತು. ನಾನೂರ ಹತ್ತು. ಮುನ್ನೂರ ಅರವತ್ತು. ಗುಮಾಸ್ತರು ಅದರ ಮುಂದೆ ಮಂಡಿಯೂರಿ ಅಂಗಲಾಚುತ್ತಿದ್ದರು: "ಫೇಲಾಗಪ್ಪಾ! ನನ್ನಪ್ಪನಲ್ವಾ, ಬೇಗ ಫೇಲಾಗು!"

ಬಾಗಿಲಲ್ಲಿ ಯಾರೋ ಕೆಮ್ಮಿದರು.

ಏಳು ವಾರದಿಂದ ಕೇಳದಿದ್ದ ಕೆಮ್ಮು. ಹೆಂಡತಿ ಹೊಸಿಲಾಚೆ ಬ್ಯಾಗು ಹಿಡಿದು ನಿಂತಿದ್ದಳು. ಗುಮಾಸ್ತರು ಎದ್ದು ಎರಡು ಹೆಜ್ಜೆ ಮುಂದಿಟ್ಟರು. ಅವಳು ಮತ್ತೆ ಕೆಮ್ಮಿದಳು. ಅವರು ನಿಂತರು.

"ಅಕ್ಕಾ, ಅಣ್ಣ ಎಲ್ಲಾ ನಿಮಗೋಸ್ಕರಾನೇ ಮಾಡಿದ್ದು" ಎಂದು ಟೈಲರಮ್ಮ ಕೋಟು ಬೀಸುತ್ತಲೇ ನಡೆದದ್ದನ್ನೆಲ್ಲ ಹೇಳಿದಳು. ಹೆಂಡತಿ ಕೇಳುತ್ತಾ ಗಂಡನ ಹಸಿರು ಹುಬ್ಬನ್ನೇ ನೋಡುತ್ತಿದ್ದಳು. ನಗಬೇಕೋ ಬಯ್ಯಬೇಕೋ ಎಂಬುದು ಅವಳ ಮುಖದಲ್ಲಿ ಸ್ವಲ್ಪ ಹೊತ್ತು ತೂಗಾಡಿತು.

"ಮೂರು ವಾರನಾದ್ರೂ ಬೇಕಮ್ಮ" ಎಂದರು ಇನ್ಸ್‌ಪೆಕ್ಟರ್. "ಬಣ್ಣ ಕೆರೆದು, ತೇವ ಎಲ್ಲಿಂದ ಬರ್ತಿದೆ ನೋಡಿ, ಗೋಡೆ ಒಣಗಿಸ್ಬೇಕು. ಅಲ್ಲೀತನಕ ಬಾಗಿಲು ಕಿಟಕಿ ಮುಚ್ಚಲೇಬಾರದು. ನೀವಂತೂ ಇಲ್ಲಿ ಇರೋ ಹಾಗಿಲ್ಲ."

ಹೆಂಡತಿ ಕೆಳಗಿಟ್ಟಿದ್ದ ಬ್ಯಾಗನ್ನು ಮತ್ತೆ ಎತ್ತಿಕೊಂಡಳು. "ನಾಲ್ಕೂವರೆಗೆ ಒಂದು ಬಸ್ಸಿದೆ" ಎಂದಳು, ಯಾರಿಗೆಂದು ಇಲ್ಲದೆ.

ಸ್ಟಾಪಿನವರೆಗೆ ಅವಳು ಮುಂದೆ, ಗುಮಾಸ್ತರು ಹತ್ತು ಹೆಜ್ಜೆ ಹಿಂದೆ. ಹತ್ತಿರ ಹೋದರೆ ಅವಳಿಗೆ ಕೆಮ್ಮು ಬರುತ್ತಿತ್ತು. ಅಂಗಿ, ತಲೆ, ಕೈ ಎಲ್ಲ ಬಣ್ಣ, ಬತ್ತಿ, ನುಸಿಗುಳಿಗೆ. ಬಸ್ಸು ಬಂತು. ಅವಳು ಹತ್ತಿ ಮುಂದಿನ ಸಾಲಿನ ಕಿಟಕಿಗೆ ಕೂತಳು. ಗುಮಾಸ್ತರು ಕೆಳಗೆ ನಿಂತು ಕೈ ಎತ್ತಬೇಕಿತ್ತು. ಬಸ್ಸು ಹೊರಟಾಗ ಏನಾಯಿತೋ, ಓಡಿ ಹಿಂದಿನ ಬಾಗಿಲಲ್ಲಿ ಹತ್ತಿಬಿಟ್ಟರು. ಅವಳಿಂದ ನಾಲ್ಕು ಸೀಟು ಬಿಟ್ಟು ಕೂತರು.

ಅವಳು ತಿರುಗದೆಯೇ ಕೇಳಿದಳು. ಮೂಗಿಗೆ ಗೊತ್ತಾಗಿತ್ತು. "ನೀವ್ಯಾಕ್ರೀ ಹತ್ತಿದ್ರಿ?"

"ಮುಂದಿನ ಸ್ಟಾಪಲ್ಲಿ ಇಳಿದುಬಿಡ್ತೀನಿ."

"ಮನೆ ಬಾಗಿಲು ಹಾಕಿಲ್ಲ ನೀವು."

"ಹಾಕಬಾರದಂತಲ್ಲ. ಇನ್ಸ್‌ಪೆಕ್ಟರ್ ಹೇಳಿದ್ರು."

ಕಂಡಕ್ಟರ್ ಬಂದ. ಗುಮಾಸ್ತರು ಮುಂದಿನ ಸ್ಟಾಪಿಗೆ ಟಿಕೆಟ್ ತಗೊಂಡರು. ಮುಂದಿನ ಸ್ಟಾಪು ಬಂತು, ಹೋಯಿತು. ಕಂಡಕ್ಟರ್ ಮತ್ತೆ ಬಂದು ನಿಂತ. ಗುಮಾಸ್ತರು ಅದರ ಮುಂದಿನ ಸ್ಟಾಪಿಗೆ ತಗೊಂಡರು.

"ಏಳು ವಾರ ಆಯ್ತು" ಎಂದಿತು ಮುಂದಿನ ಸೀಟು. "ಒಂದು ಸಲನಾದ್ರೂ ಬಂದ್ರಾ?"

"ಗೆದ್ದು ಕರ್ಕೊಂಡು ಬರೋಣ ಅಂತಿದ್ದೆ ಕಣೇ."

"ನಾನೇನು ಷೀಲ್ಡಾ?"

ಬಸ್ಸಿನ ನಡುವಿನ ಸೀಟಿನವರು ಪತ್ರಿಕೆ ಮಡಿಸಿ ಇಬ್ಬರನ್ನೂ ನೋಡತೊಡಗಿದರು. ಜೀವಮಾನದಲ್ಲಿ ಮೊದಲ ಸಲ ಗುಮಾಸ್ತರು ಸರಿಯಾದ ಉತ್ತರವನ್ನು ಹುಡುಕದೆ ಬಾಯಿಗೆ ಬಂದದ್ದನ್ನು ಹೇಳಿದರು.

"ಡಾಕ್ಟ್ರ ಹತ್ರ ನಾನು ಹೇಳಿದ್ದು ನಾಲ್ಕೂ ಸುಳ್ಳು. ನೀನಿಲ್ಲದೆ ಆ ಮನೇಲಿ ಇರೋಕಾಗಲ್ಲ ನನಗೆ."

ಕಂಡಕ್ಟರ್ ಮೂರನೆಯ ಸಲ ಬಂದು, "ಸಾರ್, ಈಗ ಯಾವ ಸ್ಟಾಪು?" ಎಂದು ಸೊಂಟಕ್ಕೆ ಕೈಯಿಟ್ಟ.

"ಕೊನೇ ಸ್ಟಾಪಿಗೇ ಒಂದು ಕೊಟ್ಬಿಡಿ ಅವರಿಗೆ" ಎಂದಳು ಹೆಂಡತಿ.

"ನಿನ್ನ ತಂಗಿ ಗಂಡ ಬಾಗಿಲಲ್ಲೇ ಮೂಸ್ತಾನಲ್ಲೇ..."

"ಮೂಸಲಿ. ಹೊರಗೆ ಕೂರಿಸಿದ್ರೆ ನಾನೂ ಹೊರಗೆ ಕೂತ್ಕೋತೀನಿ. ಆ ಪಕ್ಕದ ಕಿಟಕಿ ಪೂರ್ತಿ ತೆಗೀರಿ. ಗಾಳಿಗೆ ಅಂಗಿ ಒಡ್ಡಿ."

ಗುಮಾಸ್ತರು ಕಿಟಕಿ ತೆಗೆದು, ಹೊಲದ ಗಾಳಿಗೆ ಎರಡೂ ತೋಳು ಚಾಚಿ, ತಲೆಯನ್ನೂ ಹೊರಗಿಟ್ಟು ಕೂತರು. ಎರಡು ಊರು ಹೀಗೇ ಕಳೆಯಿತು. ಹೆಂಡತಿ ಒಮ್ಮೆ ಮೆಲ್ಲಗೆ ಉಸಿರೆಳೆದು ನೋಡಿದಳು. ಕೆಮ್ಮು ಬರಲಿಲ್ಲ.

"ರೀ" ಎಂದಳು. "ಒಂದು ಸೀಟು ಮುಂದೆ ಬನ್ನಿ. ಒಂದೇ."

ಗುಮಾಸ್ತರು ಒಂದು ಸೀಟು ಮುಂದೆ ಬಂದರು. ಕೊನೆಯ ಸ್ಟಾಪಿಗೆ ಇನ್ನೂ ಒಂಬತ್ತು ಊರುಗಳಿದ್ದವು. ನಡುವೆ ಉಳಿದದ್ದು ಮೂರೇ ಸೀಟು.